ಕೈ ಎತ್ತುವ ಹಕ್ಕು

ನನಗೆ ರಕ್ತದೊತ್ತಡ ಶುರುವಾದದ್ದು ಫುಟ್‌ಬಾಲಿನಿಂದ. ಈ ಮಾತನ್ನು ಕುಂಬಳೆಯ ಡಾಕ್ಟರು ನಂಬಲಿಲ್ಲ. ಅವರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿಸಿ, ಹುಬ್ಬು ಮೇಲೇರಿಸಿ, "ಮನೆಯಲ್ಲಿ ಎಂತಾದರೂ ಟೆನ್ಷನ್ ಉಂಟಾ ಟೀಚರ್?" ಎಂದು ಕೇಳಿದರು. "ಮನೆಯಲ್ಲಿ ಎಂತದೂ ಇಲ್ಲ ಡಾಕ್ಟ್ರೇ, ಯುರೋಪಿನಲ್ಲಿ ಉಂಟು" ಎಂದೆ. ಮಗಳೋ ಮಗನೋ ಅಲ್ಲಿ ಏನಾದರೂ ರಾದ್ಧಾಂತ ಮಾಡಿಕೊಂಡಿರಬೇಕು ಎಂದು ಅವರು ಭಾವಿಸಿದರೆಂದು ಕಾಣುತ್ತದೆ. "ಮಕ್ಕಳ ವಿಷಯ ತಲೆಗೆ ಹಚ್ಚಿಕೊಳ್ಳಬೇಡಿ" ಎಂದು ಸಮಾಧಾನ ಹೇಳಿ, ಉಪ್ಪು ಕಡಿಮೆ ಮಾಡಲು ಬರೆದುಕೊಟ್ಟರು. ಉಪ್ಪು ಬಿಟ್ಟೆ. ಫುಟ್‌ಬಾಲು ಬಿಡಲಾಗಲಿಲ್ಲ.

ಹೆಂಗಸೊಬ್ಬಳಿಗೆ, ಅದರಲ್ಲೂ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳಿಗೆ, ಈ ಚಾಳಿ ಎಲ್ಲಿಂದ ಹತ್ತಿತು ಎಂದು ನೀವು ಕೇಳಬಹುದು. ತಪ್ಪು ನನ್ನ ತಮ್ಮನದು. ಶಾರ್ಜಾದಿಂದ ರಜೆಗೆ ಬಂದಿದ್ದಾಗ ಅವನು ನಮ್ಮ ಮನೆಯ ಟಿ.ವಿ.ಯಲ್ಲಿ ಆಟ ನೋಡುತ್ತಿದ್ದ. ನಾನು ಬಾಗಿಲಲ್ಲಿ ನಿಂತು, ಒಂದು ಕೈಯಲ್ಲಿ ಸೌಟು ಹಿಡಿದುಕೊಂಡು, "ಇದರಲ್ಲಿ ಎಂತ ಉಂಟು ಮಾರಾಯ?" ಎಂದೆ. ಅವನ ರಜೆ ಮುಗಿಯಿತು, ಅವನು ಹೋದ. ನಾನು ಬಾಗಿಲು ಬಿಟ್ಟು ಕುರ್ಚಿಗೆ ಬಂದಿದ್ದೆ. ನಮ್ಮವರು ಅಂಚೆ ಕಚೇರಿಯಲ್ಲಿ ದುಡಿದವರು, ಕ್ರಿಕೆಟ್ಟಿನ ಮನುಷ್ಯ. "ಅಷ್ಟು ಜನ ಅಷ್ಟು ಹೊತ್ತು ಓಡಿ ಕಡೆಗೆ ಸೊನ್ನೆ-ಸೊನ್ನೆ. ನಮ್ಮ ಪಂಚಾಯತು ಮೀಟಿಂಗು ಇದಕ್ಕಿಂತ ವಾಸಿ" ಎನ್ನುವುದು ಅವರ ಶಾಶ್ವತ ಟೀಕೆ.

ಯುರೋಪಿನ ನನ್ನ ಮೆಚ್ಚಿನ ಕ್ಲಬ್ಬು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಓದುಗರಲ್ಲಿ ಅರ್ಧಕ್ಕರ್ಧ ಜನ ಇಲ್ಲಿಗೇ ಓದು ನಿಲ್ಲಿಸಿ ನನ್ನನ್ನು ಬೈಯುತ್ತೀರಿ. ಕಾಸರಗೋಡಿನ ಕಡೆಯವರಾದರೆ ಮನೆಗೇ ಬಂದು ಬೈಯುತ್ತೀರಿ. ದುಡಿಯುವ ಜನ ಸಂಜೆಯ ಹೊತ್ತಿಗೆ ಸೇರಿ ಕಟ್ಟಿದ, ನೂರು ವರ್ಷಕ್ಕೂ ಹಳೆಯ ಕ್ಲಬ್ಬು ಅದು ಎಂದರೆ ಸಾಕು. ಈಗ ಅದರ ಯಜಮಾನರು ಬೇರೊಂದು ಖಂಡದಲ್ಲಿದ್ದಾರೆ. ಆಟ ನೋಡಲು ವರ್ಷಕ್ಕೊಮ್ಮೆ ಬರುತ್ತಾರಂತೆ, ಬಂದರೂ ಗಾಜಿನ ಹಿಂದೆ ಕೂರುತ್ತಾರೆ. ಚೆಂಡು ಯಾವ ಕಡೆಗೆ ಹೋಗಬೇಕು ಎನ್ನುವುದಾದರೂ ಅವರಿಗೆ ಗೊತ್ತಿದೆಯೇ ಎಂದು ನನಗೆ ಸಂಶಯವಿದೆ.

ಸಿಟ್ಟು ಬರುತ್ತದೆ. ಬರದೆ ಏನು ಮಾಡುತ್ತದೆ? ಅಪ್ಪನ ಹೆಗಲ ಮೇಲೆ ಕೂತು ಆಟ ನೋಡಿದವನು ಈಗ ತನ್ನ ಮಗನನ್ನು ಕರೆದುಕೊಂಡು ಹೋಗಲಾರ. ಟಿಕೇಟು ಅವನ ಕೈಗೆ ಎಟುಕುವುದಿಲ್ಲ. ಅವನು ನಿಂತು ಹಾಡುತ್ತಿದ್ದ ಜಾಗದಲ್ಲಿ ಈಗ ಮೆತ್ತನೆಯ ಕುರ್ಚಿ, ಕುರ್ಚಿಯಲ್ಲಿ ಪ್ರವಾಸಕ್ಕೆ ಬಂದ ಯಾರೋ, ಆ ಯಾರೋ ಆಟ ಬಿಟ್ಟು ತನ್ನದೇ ಫೋಟೋ ತೆಗೆದುಕೊಳ್ಳುತ್ತಿದ್ದಾನೆ. ತಂಡದ ಅಂಗಿಯ ವಿನ್ಯಾಸ ವರ್ಷಕ್ಕೆ ಮೂರು ಬಾರಿ ಬದಲು. ಒಬ್ಬನೇ ಧಣಿ ಮೂರು ದೇಶದ ಮೂರು ಕ್ಲಬ್ಬುಗಳನ್ನು ಇಟ್ಟುಕೊಂಡು, ಒಂದರಲ್ಲಿ ಬೆಳೆದ ಹುಡುಗನನ್ನು ಇನ್ನೊಂದಕ್ಕೆ ಸಾಗಿಸುತ್ತಾನೆ. ಆಟಗಾರರು ಬಾಯಿಬಿಟ್ಟು ಹೇಳುತ್ತಿದ್ದಾರೆ, ಪಂದ್ಯ ಜಾಸ್ತಿಯಾಯಿತು, ಕಾಲು ಸೋತಿತು ಎಂದು. ಕೇಳುವವರು ಯಾರು? ಆಟ ಆಳುವ ಮಂಡಳಿಗಳಲ್ಲಿ ನಿಯಮ ಮಾಡುವವರೂ ಅವರೇ, ಪಂದ್ಯವನ್ನು ಟಿ.ವಿ.ಗೆ ಮಾರುವವರೂ ಅವರೇ. ಅಂಗಡಿಯವನೇ ತಕ್ಕಡಿ ಪರೀಕ್ಷಿಸುವ ಸಾಹೇಬನೂ ಆದರೆ ಗಿರಾಕಿ ದೂರು ಕೊಡುವುದು ಎಲ್ಲಿಗೆ?

ಇದರಲ್ಲಿ ನನ್ನದೂ ಒಂದು ಪಾಲು ಉಂಟೆಂದು ತಿಳಿದ ದಿನ ಸಿಟ್ಟು ಇನ್ನೂ ಹೆಚ್ಚಾಯಿತು. ಅಲ್ಲಿ ಕೆಲವು ಆಟಗಳು ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಗುತ್ತವೆ. ಚಳಿಗಾಲದಲ್ಲಿ ನಮಗೆ ಅದು ಸಂಜೆ ಆರು. ದೇವರಿಗೆ ದೀಪ ಹಚ್ಚಿ, ಚಹಾ ಕಾಸಿಕೊಂಡು, ಹುರಿದ ಗೇರುಬೀಜ ತಟ್ಟೆಗೆ ಹಾಕಿಕೊಂಡು ಕೂರಲು ಎಷ್ಟು ಹಿತವಾದ ಸಮಯ! ನಾನು ಅದನ್ನು ನನ್ನ ಅದೃಷ್ಟ ಎಂದೇ ತಿಳಿದಿದ್ದೆ. ಆಮೇಲೆ ಓದಿದೆ: ಅದು ಏಷ್ಯಾದ ಪ್ರೇಕ್ಷಕರ ಅನುಕೂಲಕ್ಕಾಗಿ ಮಾಡಿದ ಏರ್ಪಾಡು. ಆ ಹೊತ್ತಿಗೆ ಬೇರೆ ಊರಿನ ಮೈದಾನ ಮುಟ್ಟಬೇಕಾದ ಬಡಪಾಯಿ ಅಭಿಮಾನಿ ಬೆಳಕು ಹರಿಯುವ ಮೊದಲೇ ಚಳಿಯಲ್ಲಿ ಮನೆಬಿಡಬೇಕು. ಏಷ್ಯಾದ ಪ್ರೇಕ್ಷಕ ಎಂದರೆ ಯಾರು? ನಾನೇ! ಗೇರುಬೀಜ ತಿನ್ನುತ್ತಾ ಕೂತಿರುವ ನಾನೇ. ನನ್ನ ಹೆಸರು ಹೇಳಿಕೊಂಡು ಆ ಮನುಷ್ಯನ ನಿದ್ದೆ ಕೆಡಿಸಲು ನಾನು ಯಾರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಯುರೋಪಿನ ಕೆಲವು ಭಾರೀ ಕ್ಲಬ್ಬುಗಳು ಸೇರಿ, ನಾವು ನಾವೇ ಆಡಿಕೊಳ್ಳುವ ಒಂದು ಕೂಟ ಕಟ್ಟುತ್ತೇವೆ ಎಂದು ಸಾರಿದವು. ಆ ಕೂಟ ಕಟ್ಟಿದವರು ಎಷ್ಟು ಸೋತರೂ ಹೊರಗೆ ಹೋಗಲಿಕ್ಕಿಲ್ಲ. ಹೊರಗಿನವರು ಎಷ್ಟು ಗೆದ್ದರೂ ಅವರ ಸಾಲಿನಲ್ಲಿ ಕೂರುವ ಹಾಗಿಲ್ಲ. ಸೋಲಿನ ಭಯವೇ ಇಲ್ಲದ ಆಟ ಎಂತಹ ಆಟ? ಪರೀಕ್ಷೆಗೆ ಮೊದಲೇ ರ‍್ಯಾಂಕು ಹಂಚಿಕೊಂಡ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಚ್ಚರಿಯೆಂದರೆ, ಸದಸ್ಯರೇ ಅಧ್ಯಕ್ಷನನ್ನು ಆರಿಸುವ ಕ್ಲಬ್ಬುಗಳೂ ಆ ಕೂಟದಲ್ಲಿದ್ದವು. ಜರ್ಮನಿಯಲ್ಲಿ ಮಾತ್ರ ಒಂದು ನಿಯಮ ಉಂಟಂತೆ: ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕು. ಅಲ್ಲಿಯ ಕ್ಲಬ್ಬುಗಳು ಆ ಕೂಟದ ಹತ್ತಿರ ಸುಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಜನ ಬೀದಿಗಿಳಿದು ಆಟಗಾರರ ಬಸ್ಸು ತಡೆದರು, ಬ್ಯಾನರು ಕಟ್ಟಿದರು, ಎರಡೇ ದಿನದಲ್ಲಿ ಕೂಟ ಮುರಿದುಬಿತ್ತು. ಆ ದಿನ ನಾನು ಕಡಲೆಬೇಳೆ ಪಾಯಸ ಮಾಡಿದೆ. "ಎಂತ ವಿಶೇಷ?" ಎಂದರು ನಮ್ಮವರು. "ಜನ ಗೆದ್ದರು" ಎಂದೆ. "ಯಾವ ವಾರ್ಡಿನಲ್ಲಿ?" ಎಂದರು.

ಪಾಯಸ ಸ್ವಲ್ಪ ಬೇಗ ಆಯಿತು. ಮುಂಬಾಗಿಲು ಹಾಕಿದ್ದೇ ತಡ, ಅದೇ ಜನ ಪಕ್ಕದ ಬಾಗಿಲಿನಿಂದ ಒಳಗೆ ಬಂದರು. ಯುರೋಪಿನ ಕ್ಲಬ್ಬುಗಳ ಹಳೆಯ ಸ್ಪರ್ಧೆಯನ್ನೇ ಹಿಗ್ಗಿಸಿ ತಂಡಗಳ ಉದ್ದದ ಒಂದು ಪಟ್ಟಿ ಮಾಡಿದರು. ಪಂದ್ಯ ಹೆಚ್ಚು, ಜಾಹೀರಾತು ಹೆಚ್ಚು, ದೊಡ್ಡವರು ಎಡವಿ ಬಿದ್ದರೂ ಮತ್ತೆ ಎದ್ದು ನಿಲ್ಲಲು ಅವಕಾಶವೂ ಹೆಚ್ಚು. ನಾನು ಆ ಪಟ್ಟಿಯ ವಿರುದ್ಧ ಒಂದು ದೊಡ್ಡ ನೋಟುಪುಸ್ತಕದಲ್ಲಿ ಬರೆಯತೊಡಗಿದೆ. ಯಾರಿಗೆ ಕಳಿಸುವುದು ಎಂದು ಗೊತ್ತಿರಲಿಲ್ಲ. ಆದರೂ ಬರೆದೆ. ಯುರೋಪಿನ ಆಡಳಿತದ ಬಗ್ಗೆ ಇಷ್ಟೆಲ್ಲ ತಿಳಿದಿರುವ ಹೆಂಗಸು ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಇನ್ನೊಬ್ಬಳಿಲ್ಲ ಎಂಬ ಜಂಬವೂ ನನಗೆ ಬಂದಿತ್ತು ಅನ್ನಿ.

ಈಗ ನಮ್ಮೂರಿಗೆ ಬರೋಣ. ಶಿರಿಯ ಹೊಳೆ ಕಡಲು ಸೇರುವುದಕ್ಕೆ ಸ್ವಲ್ಪ ಮೊದಲು ದಂಡೆಯಲ್ಲಿ ಒಂದು ಬಯಲುಂಟು. ಎರಡನೆಯ ಬೆಳೆ ಕೊಯ್ದ ಮೇಲೆ ಅಲ್ಲಿ ಪ್ರತಿವರ್ಷ ಸೆವೆನ್ಸ್, ಎಂದರೆ ಏಳೇಳು ಜನ ಆಡುವ ಫುಟ್‌ಬಾಲ್ ಪಂದ್ಯಾಟ. ನಡೆಸುವುದು ಊರಿನ ಯುವಕ ಸಂಘ. ಸಂಘ ಕಟ್ಟಿದ ಯುವಕರಿಗೆ ಈಗ ಎಪ್ಪತ್ತು ದಾಟಿದೆ, ಹೆಸರು ಬದಲಾಯಿಸಲು ಯಾರಿಗೂ ಮನಸ್ಸಿಲ್ಲ. ಮುಳ್ಳೇರಿಯದಿಂದ, ಅಡೂರಿನಿಂದ, ಗುಡ್ಡ ಇಳಿದು ಜೀಪು ತುಂಬ ತಂಡಗಳು ಬರುತ್ತವೆ. ಹೆಸರು ಕೊಟ್ಟವರೆಲ್ಲ ಆಡಬಹುದು, ಚೀಟಿ ಎತ್ತಿ ಜೋಡಿ ಮಾಡುವುದು. ಕಡಲ ಕರೆಯಲ್ಲಿರುವ ಮೀನುಗಾರರ ಕೇರಿಗೆ ನಮ್ಮಲ್ಲಿ ಕಡಪ್ಪುರ ಎನ್ನುತ್ತಾರೆ. ಆ ಕಡಪ್ಪುರದ ತಂಡ ಮೊದಲ ವರ್ಷದಿಂದ ಒಂದು ವರ್ಷವೂ ತಪ್ಪಿಸದೆ ಆಡಿದೆ. ಗೆದ್ದದ್ದು ಬಹಳ ಕಡಿಮೆ. ಆದರೆ ಅವರನ್ನು ಸೋಲಿಸಿದವರು ಮರುದಿನ ಕುಂಟುತ್ತಾರೆ.

ನಮ್ಮ ಪಂದ್ಯಾಟದಲ್ಲಿ ಒಂದು ವಿಶೇಷ ಪದ್ಧತಿ ಉಂಟು. ಜನ ಕೂರಲು ಗ್ಯಾಲರಿ ಬೇಕಲ್ಲ, ಅದನ್ನು ಊರವರೇ ಕಟ್ಟುವುದು. ಬಿದಿರು, ಅಡಕೆ ಮರದ ಪಟ್ಟಿ, ನೆನೆಸಿದ ನಾರಿನ ಹಗ್ಗ. ಮೊಳೆ ಒಂದೂ ಇಲ್ಲ. ಸಂಘದ ಬೈಲಾದ ನಾಲ್ಕನೇ ಕಲಮು ಹೀಗಿದೆ: ಗ್ಯಾಲರಿ ಕಟ್ಟುವ ಶ್ರಮದಾನದಲ್ಲಿ ಹಗ್ಗ ಬಿಗಿದವರಿಗೆ ಮಾತ್ರ ಆ ವರ್ಷದ ಮಹಾಸಭೆಯಲ್ಲಿ ಕೈ ಎತ್ತುವ ಹಕ್ಕು. ಚಂದಾ ಎಷ್ಟು ಕೊಟ್ಟರೂ ಅದರಿಂದ ಮತ ಬರುವುದಿಲ್ಲ. ದುಬಾಯಿಯಲ್ಲಿ ಮೂರು ಅಂಗಡಿ ಇರುವ ಮೊಯ್ದಿನ್ ಹಾಜಿಯವರು ಬಿಳಿ ಲುಂಗಿ ಎತ್ತಿಕಟ್ಟಿ, ಬೆವರು ಸುರಿಸಿ ಹಗ್ಗ ಎಳೆಯುವುದನ್ನು ನಾನೇ ನೋಡಿದ್ದೇನೆ. ಹೆಂಗಸರ ಮೂಲೆಯ ಮೂರು ಮೆಟ್ಟಿಲು ನಾವೇ ಹೆಂಗಸರು ಕಟ್ಟುತ್ತಿದ್ದೆವು. ಕಡೆಗೆ ಕಡಪ್ಪುರದ ಲೋಕಯ್ಯಣ್ಣ ಬರುತ್ತಿದ್ದರು. ದೋಣಿ ಕಟ್ಟಿ ಪಳಗಿದ ಕೈ ಅವರದು. ಪ್ರತಿ ಗಂಟನ್ನೂ ಅಲ್ಲಾಡಿಸಿ ನೋಡಿ, ಸಡಿಲ ಕಂಡರೆ ಕಟ್ಟಿದವರು ಯಾರೆಂದು ನೋಡದೆ ಬಿಚ್ಚಿಸುತ್ತಿದ್ದರು. ನನ್ನದನ್ನು ಒಂದು ವರ್ಷ ನಾಲ್ಕು ಸಲ ಬಿಚ್ಚಿಸಿದ್ದಾರೆ.

ದೈವದ ಕೋಲದಲ್ಲೂ ಹೀಗೆಯೇ ಅಲ್ಲವೇ? ಒಂದು ಮನೆಯವರದು ದೀವಟಿಗೆ, ಒಂದು ಮನೆಯವರದು ಬಾಳೆಲೆ, ಇನ್ನೊಂದು ಮನೆಯವರದು ಚಪ್ಪರ. ಕೆಲಸ ಇರುವವನಿಗೆ ಅಲ್ಲಿ ಮಾತೂ ಉಂಟು. ಬಯಲಾಟಕ್ಕೆ ಚಾಪೆ ಹಿಡಿದುಕೊಂಡು ಹೋದ ಕಾಲದಲ್ಲಿ ಭಾಗವತರು ಒಂದು ಪದ್ಯ ಬಿಟ್ಟರೆ ಮುಂದೆ ಕೂತ ಅಜ್ಜ ಅಲ್ಲಿಂದಲೇ ಗದರಿಸುತ್ತಿದ್ದರು. ಟೆಂಟು ಬಂತು, ಟಿಕೇಟು ಬಂತು, ಕುರ್ಚಿ ಬಂತು, ಅಜ್ಜ ಬಾಯಿ ಮುಚ್ಚಿಕೊಂಡರು. ಕುರ್ಚಿಗೂ ಬಾಯಿಗೂ ಏನು ಸಂಬಂಧ ಎಂದು ನಾನು ಆಗ ಯೋಚಿಸಲಿಲ್ಲ.

ಕಳೆದ ವರ್ಷದ ಮಹಾಸಭೆಯಲ್ಲಿ ಕಾರ್ಯದರ್ಶಿ ಪ್ರಶಾಂತ ಎದ್ದು ನಿಂತ. ನನ್ನ ಶಿಷ್ಯ. ಸಂಧಿ ಸಮಾಸದ ಪಾಠದ ಹೊತ್ತಿಗೆ ಕಿಟಕಿಯಿಂದ ಮೈದಾನ ನೋಡುತ್ತಿದ್ದವ, ಕತಾರಿನಲ್ಲಿ ಹತ್ತು ವರ್ಷ ಇದ್ದು ಬಂದವ, ಕೆಟ್ಟವನಲ್ಲ. ಮಂಗಳೂರಿನ ಒಂದು ಈವೆಂಟು ಕಂಪೆನಿಯವರು ಸ್ಟೀಲಿನ ಗ್ಯಾಲರಿ ತಂದು ನಿಲ್ಲಿಸುತ್ತಾರೆ, ಬೆನ್ನಿಗೆ ಒರಗು ಇರುವ ಸೀಟು, ಬೀಳುವ ಭಯ ಇಲ್ಲ, ಊರವರಿಗೆ ಕಷ್ಟ ಇಲ್ಲ ಎಂದ. ಮೊದಲು ಚಪ್ಪಾಳೆ ತಟ್ಟಿದ್ದು ನಾನು. ಅಡಕೆ ಪಟ್ಟಿಯ ಮೇಲೆ ಎರಡು ಗಂಟೆ ಕೂತರೆ ನನ್ನ ಮಂಡಿ ಮರುದಿನ ಏಳಗೊಡುವುದಿಲ್ಲ. ಅಕ್ಷರ ಚೆನ್ನಾಗಿದೆ ಎಂದು ನಡಾವಳಿ ಪುಸ್ತಕ ಬರೆಯುವ ಕೆಲಸ ಮೊದಲಿನಿಂದಲೂ ನನ್ನದೇ. ಅಂದೂ ಬರೆದೆ: "ಸ್ಟೀಲಿನ ಗ್ಯಾಲರಿಯ ವ್ಯವಸ್ಥೆಯಾಗಿರುವುದರಿಂದ ಶ್ರಮದಾನವನ್ನು ಇನ್ನು ಮುಂದೆ ಕೈಬಿಡಲಾಗಿದೆ." ವಾಕ್ಯ ಬಹಳ ಸೊಗಸಾಗಿತ್ತು. ಎಲ್ಲರೂ ಕೈ ಎತ್ತಿದರು, ಲೋಕಯ್ಯಣ್ಣನೂ ಎತ್ತಿದರು. ನಾವು ಎತ್ತುತ್ತಿರುವುದು ನಮ್ಮ ಕೊನೆಯ ಕೈ ಎಂದು ಒಬ್ಬರ ತಲೆಗೂ ಹೋಗಲಿಲ್ಲ. ಅಂದು ಸಂಜೆ ನಾನು ಮನೆಗೆ ಬಂದು ಯುರೋಪಿನ ಅಭಿಮಾನಿಗಳ ಹಕ್ಕಿನ ಬಗ್ಗೆ ನೋಟುಪುಸ್ತಕದಲ್ಲಿ ಎರಡು ಪುಟ ಬರೆದೆ. ಥೂ, ನನ್ನ ಜನ್ಮಕ್ಕಿಷ್ಟು!

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಈ ವರ್ಷ ಬಸ್‌ಸ್ಟ್ಯಾಂಡಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಮಸೀದಿಯ ಎದುರಿನ ಹೋಟೆಲಿನಲ್ಲಿ ಬಣ್ಣದ ಫ್ಲೆಕ್ಸು ಎದ್ದಿತು. ಪಂದ್ಯಾಟಕ್ಕೆ ಹೊಸ ಹೆಸರು, ನಡೆಸುವುದು ಸ್ಟೀಲಿನ ಗ್ಯಾಲರಿಯ ಅದೇ ಕಂಪೆನಿ. ಎಂಟು ತಂಡಗಳು, ಎಂಟು ಮಾಲಕರು, ಐದು ವರ್ಷಗಳ ಕಾಲ ಅದೇ ಎಂಟು. ಸೋತರೂ ಅವೇ, ಗೆದ್ದರೂ ಅವೇ. ಚೀಟಿ ಎತ್ತುವುದಿಲ್ಲ, ಹೊಸಬರು ಹೆಸರು ಕೊಡುವ ಹಾಗಿಲ್ಲ. ಫ್ಲೆಕ್ಸಿನ ಮುಂದೆ ನಿಂತು ನಾನು ಎರಡು ಸಲ ಓದಿದೆ. ಇಷ್ಟು ದೂರದಿಂದ ನಾನು ಬೈಯುತ್ತಿದ್ದ ಯೋಜನೆ ಬಸ್ಸು ಹತ್ತಿ ಶಿರಿಯದಲ್ಲಿ ಇಳಿದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಮ್ಮ ಯುವಕ ಸಂಘದ ಹೆಸರೂ ಇತ್ತು.

ಮರುದಿನ ಬೆಳಿಗ್ಗೆ ಲೋಕಯ್ಯಣ್ಣ ನಮ್ಮ ಮನೆಗೆ ಬಂದರು. ಯಾವಾಗಲೂ ಜಗಲಿಯಲ್ಲಿ ಕೂತು ಹರಟುವವರು ಅಂದು ನಿಂತೇ ಇದ್ದರು.

"ಟೀಚರ್, ನಮ್ಮ ಟೀಮಿಗೆ ಮಾಲಕ ಇಲ್ಲ, ಹಾಗಾಗಿ ಟೀಮೇ ಇಲ್ಲ ಅಂತೆ. ಫೈನಲಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಒಂದು ಪ್ರದರ್ಶನದ ಆಟ ಆಡಿ ಅಂತ ಹೇಳಿದ್ದಾರೆ. ಲುಂಗಿ, ಮುಂಡಾಸು ಕಟ್ಟಿ ಆಡಿದ್ರೆ ವೀಡಿಯೋಕ್ಕೆ ಚಂದ ಆಗ್ತದೆ ಅಂತ."

"ಯಾರು ಹೇಳಿದ್ದು?"

"ಕಂಪೆನಿಯವ. ನಾವು ಎಂತ ಟೀಚರ್, ಹುಲಿವೇಷವಾ?"

ಅವರೇ ಮುಂದುವರಿಸಿದರು. "ನನ್ನ ಅಪ್ಪ ಆಡಿದ್ದು ಇಲ್ಲಿ, ನಾನು ಆಡಿದ್ದು ಇಲ್ಲಿ, ಈಗ ಮಗ ಆಡುದು. ಸೋತು ಹೊರಗೆ ಹೋದ್ರೆ ನಮಗೆ ಬೇಜಾರಿಲ್ಲ, ಅದು ಅಭ್ಯಾಸ ಉಂಟು. ಆಡದೇ ಹೊರಗೆ ಹೋಗುದು ಹೇಗೆ? ನೀವು ಬರೀಲಿಕ್ಕೆ ತಿಳಿದವರು. ಒಂದು ಅರ್ಜಿ ಬರೆದುಕೊಡಿ."

ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಪ್ರಶಾಂತನ ಅಂಗಡಿಗೆ ನಡೆದೆ. ಮಂಡಿನೋವು ನೆನಪೇ ಇರಲಿಲ್ಲ. ಅವನು ಎದ್ದು ಕುರ್ಚಿ ಕೊಟ್ಟ, ಕುಡಿಯಲು ಎಳನೀರಿನ ಬೊಂಡ ತರಿಸಿದ. ನಾನು ಬೊಂಡ ಮುಟ್ಟಲಿಲ್ಲ.

"ಕಡಪ್ಪುರದವರನ್ನು ಬಿಟ್ಟು ನಿಮಗೆ ಪಂದ್ಯಾಟವಾ? ನಾಚಿಕೆ ಆಗುದಿಲ್ಲವಾ ನಿನಗೆ?" ಎಂದೆ.

"ಟೀಚರ್, ಕೋಪ ಮಾಡ್ಬೇಡಿ. ಇದು ಯುರೋಪಿನ ಲೆವೆಲ್. ದೊಡ್ಡ ದೊಡ್ಡ ಆಟಗಾರರು ಬರ್ತಾರೆ, ಮೊಬೈಲಿನಲ್ಲಿ ಲೈವ್ ಉಂಟು. ನೀವು ದಿನಾ ನೋಡುದು ಅದನ್ನೇ ಅಲ್ವಾ?"

"ನಾನು ನೋಡುದು ಬೈಯಲಿಕ್ಕೆ!"

"ಬೈದುಕೊಂಡಾದ್ರೂ ನೋಡ್ತೀರಲ್ಲ. ಅಷ್ಟು ಸಾಕು ಅವರಿಗೆ."

ಮೂವತ್ತು ವರ್ಷದ ಅಧ್ಯಾಪನದಲ್ಲಿ ಶಿಷ್ಯನೊಬ್ಬನ ಉತ್ತರಕ್ಕೆ ನಾನು ತಲೆತಗ್ಗಿಸಿದ್ದು ಅದೇ ಮೊದಲು. ಆದರೂ ಬಿಡಲಿಲ್ಲ. ಕಂಪೆನಿಯೊಂದಿಗೆ ಇನ್ನೂ ಸಹಿ ಆಗಿಲ್ಲವಲ್ಲ, ಮಹಾಸಭೆ ಕರೆ, ಜನ ತೀರ್ಮಾನ ಮಾಡಲಿ ಎಂದೆ. ಪ್ರಶಾಂತ ಮೆಲ್ಲಗೆ ನಡಾವಳಿ ಪುಸ್ತಕ ತೆಗೆದು ನನ್ನ ಮುಂದಿಟ್ಟ. ನನ್ನದೇ ದುಂಡು ಅಕ್ಷರ. ಶ್ರಮದಾನ ಕೈಬಿಟ್ಟಿದೆ. ಶ್ರಮದಾನ ಇಲ್ಲದಿದ್ದರೆ ಹಗ್ಗ ಬಿಗಿದವರಿಲ್ಲ. ಹಗ್ಗ ಬಿಗಿದವರಿಲ್ಲದಿದ್ದರೆ ಮತದಾರರಿಲ್ಲ. ಮತದಾರರಿಲ್ಲದ ಸಭೆ ಎಷ್ಟು ದೊಡ್ಡದಾಗಿ ಸೇರಿದರೂ ತೀರ್ಮಾನ ಮಾಡಬೇಕಾದ್ದು ಸಮಿತಿಯ ಐದು ಮಂದಿ. "ಸಭೆ ಕರೀತೇನೆ ಟೀಚರ್, ನಿಮ್ಮ ಮಾತಿಗೆ ಇಲ್ಲ ಅನ್ನುದಿಲ್ಲ. ಆದ್ರೆ ಓಟಿಗೆ ಹಾಕ್ಲಿಕ್ಕೆ ಬರುದಿಲ್ಲ" ಎಂದ.

ಅಂದು ಮನೆಗೆ ಬಂದು ನಾನು ಯಾರನ್ನು ಬೈಯುವುದು? ಅಲ್ಲಿಯ ಧಣಿಗಳು ಜನರ ಕೈಯಿಂದ ಕ್ಲಬ್ಬು ಕಿತ್ತುಕೊಳ್ಳಲು ವಕೀಲರನ್ನು ಇಟ್ಟರು, ಬ್ಯಾಂಕುಗಳನ್ನು ಇಟ್ಟರು. ನಮ್ಮಲ್ಲಿ ಅಂತಹ ಖರ್ಚೇ ಬೇಕಾಗಲಿಲ್ಲ. ಬೆನ್ನಿಗೊಂದು ಒರಗು ಕೊಟ್ಟರು, ನಾವೇ ಬರೆದುಕೊಟ್ಟೆವು. ಸ್ಟೀಲಿನ ತಪ್ಪಲ್ಲ ಅದು. ನಮ್ಮ ಬೆವರು ಬೇಡ ಎಂದವನಿಗೆ ನಾಳೆ ನಮ್ಮ ಮಾತೂ ಬೇಡವಾಗುತ್ತದೆ ಎನ್ನುವ ಸಾಮಾನ್ಯ ಜ್ಞಾನ ಇಲ್ಲದ ನನ್ನ ತಪ್ಪು. ಮೂರು ದಿನ ಕೂತು ಅರ್ಜಿ ಬರೆದೆ. ಆಟದ ಇತಿಹಾಸದಿಂದ ಹಿಡಿದು ಜರ್ಮನಿಯ ನಿಯಮದವರೆಗೆ ಎಲ್ಲವನ್ನೂ ಹಾಕಿದೆ. ನಮ್ಮವರು ಓದಿ, "ಶಿರಿಯ ಎಂಬ ಊರು ಮೂರನೇ ಪುಟದಲ್ಲಿ ಬರ್ತದೆ" ಎಂದರು.

ಭಾನುವಾರ ಮಧ್ಯಾಹ್ನ ಬಯಲಿನಲ್ಲೇ ಟಾರ್ಪಾಲು ಕಟ್ಟಿ ಸಭೆ. ಜನ ಬಂದಿದ್ದರು. ಕಡಪ್ಪುರದವರು ಒಂದು ಕಡೆ ನಿಂತಿದ್ದರು. ಹೊಸ ಆಟ ಬರಲಿ, ಊರಿಗೆ ಹೆಸರು ಬರಲಿ ಎನ್ನುವವರು ಇನ್ನೊಂದು ಕಡೆ, ಅವರೂ ಕಡಿಮೆ ಇರಲಿಲ್ಲ. ಪ್ರಶಾಂತ ಬೈಲಾ ಓದಿ, ಮತಕ್ಕೆ ಹಾಕಲು ಸಾಧ್ಯವಿಲ್ಲ ಎಂದು ಹೇಳಿದ. ಗಲಾಟೆ ಎದ್ದಿತು. ಲೋಕಯ್ಯಣ್ಣ ಗಲಾಟೆ ನಿಲ್ಲುವವರೆಗೆ ಕಾದರು.

"ಪ್ರಶಾಂತ, ಶ್ರಮದಾನ ಕೈಬಿಟ್ಟದ್ದು ಸರಿ. ನಾಲ್ಕನೇ ಕಲಮು ತೆಗೆದಿದ್ದೀರಾ?"

"ಇಲ್ಲ, ಅದು ಉಂಟು."

"ಕೈಬಿಟ್ಟದ್ದನ್ನು ಪುನಃ ಹಿಡೀಬಾರದು ಅಂತ ಎಲ್ಲಿಯಾದ್ರೂ ಬರೆದಿದ್ದೀರಾ?"

ಪ್ರಶಾಂತ ನನ್ನ ಕಡೆ ನೋಡಿದ. ನಾನು ಪುಸ್ತಕ ತಿರುವಿ, ಇಲ್ಲ ಎಂದು ತಲೆಯಾಡಿಸಿದೆ.

"ಹಾಗಾದ್ರೆ ಈಗ ಕಟ್ಟುವ. ಕಟ್ಟಿದವರು ಕೈ ಎತ್ತುವ. ನಿಮ್ಮ ಕಡೆಯವರೂ ಕಟ್ಟಿ, ಯಾರೂ ಬೇಡ ಅನ್ನುದಿಲ್ಲ."

ಪ್ರಶಾಂತನಿಗೆ ಒಪ್ಪದೆ ಗತಿಯಿರಲಿಲ್ಲ. ಕಡಪ್ಪುರದ ಹುಡುಗರು ಬಲೆ ಒಣಗಿಸುವ ಬಿದಿರು ಹೊತ್ತು ತಂದರು. ಮೊಯ್ದಿನ್ ಹಾಜಿಯವರ ತೋಟದಿಂದ ಅಡಕೆ ಪಟ್ಟಿ ಬಂತು. ದೋಣಿಯ ಹಗ್ಗವನ್ನು ಹೊಳೆಯಲ್ಲೇ ಅದ್ದಿ ತೆಗೆದರು. ನೋಡುತ್ತಿದ್ದ ಹಾಗೆ ಅರ್ಧ ಊರು ಗದ್ದೆಗಿಳಿಯಿತು. ಆ ಕಡೆಯವರೂ ಈ ಕಡೆಯವರೂ ಒಂದೇ ಬಿದಿರಿನ ಎರಡು ತುದಿ ಹಿಡಿದು, ಒಬ್ಬರನ್ನೊಬ್ಬರು ಬೈದುಕೊಂಡೇ ಕಟ್ಟಿದರು. ಪ್ರಶಾಂತ ಪ್ಯಾಂಟು ಮಡಚಿ ಬಂದ. ಲೋಕಯ್ಯಣ್ಣ ಅವನ ಗಂಟನ್ನು ಅಲ್ಲಾಡಿಸಿ ನೋಡಿ ಎರಡು ಸಲ ಬಿಚ್ಚಿಸಿದರು. ಮೂರನೇ ಸಲ ಸರಿಯಾಯಿತು.

ನಾನು ಟಾರ್ಪಾಲಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಮತಕ್ಕೆ ಮೊದಲು ನನ್ನ ಅರ್ಜಿ ಓದಬೇಕಲ್ಲ, ಕಡೆಯ ಪುಟ ಸ್ವಲ್ಪ ಸಪ್ಪೆಯಾಗಿದೆ ಎಂದು ಕಂಡಿತು. ಅದನ್ನು ಹೊಡೆದುಹಾಕಿ ಹೊಸದಾಗಿ ಬರೆಯತೊಡಗಿದೆ. ಹೆಂಗಸರ ಮೂಲೆಯಿಂದ ಯಾರೋ, "ಟೀಚರ್, ಬರ್ತೀರಾ? ಒಂದು ಕೈ ಬೇಕಿತ್ತು" ಎಂದು ಕರೆದರು. "ಒಂದು ಪ್ಯಾರಾ ಉಂಟು, ಬಂದೆ" ಎಂದೆ. ಅಭಿಮಾನಿಗಳ ಬೆವರಿನ ಮೇಲೆ ನಿಂತ ಆಟವನ್ನು ಹಣದ ಬಲದಿಂದ ಕಬಳಿಸುವುದರ ಕುರಿತು ಆ ಪ್ಯಾರಾ ನಿಜಕ್ಕೂ ಚೆನ್ನಾಗಿ ಬಂದಿತ್ತು.

ಐದು ಮೆಟ್ಟಿಲಿನ ಗ್ಯಾಲರಿ ಎದ್ದು ನಿಂತಾಗ ಬಿಸಿಲು ಇಳಿದಿತ್ತು. ಅರ್ಜಿ ಓದಲು ಸಮಯ ಕೇಳಿದೆ. "ಮಗ್ರಿಬ್ ನಮಾಜಿನ ಹೊತ್ತಾಗ್ತಾ ಬಂತು ಟೀಚರ್, ಮೊದಲು ಓಟು ಮುಗಿಸುವ" ಎಂದರು ಹಾಜಿಯವರು. ಪ್ರಶ್ನೆ ಒಂದೇ: ಎಂಟು ಮಾಲಕರ ಪಂದ್ಯಾಟ ಬೇಡ, ಹೆಸರು ಕೊಟ್ಟವರೆಲ್ಲ ಆಡುವ ಹಳೆಯ ಕ್ರಮವೇ ಇರಲಿ ಎನ್ನುವವರು ಕೈ ಎತ್ತಿ. ಕೈಗಳು ಎದ್ದವು. ನಾನು ಎಲ್ಲರಿಗಿಂತ ಮೇಲೆ ಎತ್ತಿದೆ. ಲೋಕಯ್ಯಣ್ಣ ಎಣಿಸುತ್ತಾ ಬಂದು ನನ್ನ ಮುಂದೆ ನಿಂತರು.

"ಟೀಚರ್, ನೀವು ಕೈ ಇಳಿಸಿ."

"ಯಾಕೆ?"

"ನೀವು ಕಟ್ಟಲಿಲ್ಲ."

ಇಡೀ ಬಯಲು ನನ್ನನ್ನು ನೋಡಿತು. ನಾನು ಯಾರಿಗಾಗಿ ಮೂರು ದಿನ ನಿದ್ದೆಗೆಟ್ಟು ಬರೆದೆ? ಯಾರಿಗಾಗಿ ಶಿಷ್ಯನ ಹತ್ತಿರ ಅನ್ನಿಸಿಕೊಂಡೆ? ಪ್ರಶಾಂತನಿಗೇ ಪಾಪ ಕಂಡಿತು. "ಟೀಚರದ್ದು ಇರ್ಲಿ ಲೋಕಯ್ಯಣ್ಣ, ನಿಮ್ಮ ಕಡೆಗೇ ಅಲ್ವಾ?" ಎಂದ. ಅದಂತೂ ಗಾಯಕ್ಕೆ ಉಪ್ಪು.

"ಟೀಚರಿಗೆ ಬಿಟ್ರೆ ನಾಳೆ ಕಂಪೆನಿಯವನಿಗೂ ಬಿಡ್ಬೇಕಾಗ್ತದೆ" ಎಂದರು ಲೋಕಯ್ಯಣ್ಣ. ಅವರ ದನಿಯಲ್ಲಿ ಒರಟುತನ ಇರಲಿಲ್ಲ. ಎಣಿಕೆ ಇನ್ನೂ ಮುಗಿದಿರಲಿಲ್ಲ, ತನ್ನ ಮಗ ಈ ವರ್ಷ ಆಡುತ್ತಾನೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ನಾನು ಕೈ ಇಳಿಸಿದೆ.

ಮೂರು ಕೈ ಹೆಚ್ಚು ಬಂತು. ಕಡಪ್ಪುರದ ತಂಡ ಈ ವರ್ಷ ಆಡುತ್ತದೆ, ಲುಂಗಿಯಲ್ಲಿ ಅಲ್ಲ. ವಿರುದ್ಧ ಕೈ ಎತ್ತಿದವರಲ್ಲಿ ಪ್ರಶಾಂತನೂ ಇದ್ದ. ಅವನ ಮತ ಎಣಿಕೆಗೆ ಬಂತು. ನಡಾವಳಿಯಲ್ಲಿ ಅದನ್ನೆಲ್ಲ ನಾನೇ ಬರೆದೆ. ಅರ್ಜಿ ಚೀಲದಲ್ಲೇ ಉಳಿಯಿತು.

ದಾರಿಯುದ್ದಕ್ಕೂ ಸಿಟ್ಟು ಇಳಿದಿರಲಿಲ್ಲ. ಮನೆಗೆ ಬಂದೊಡನೆ ನಮ್ಮವರು, "ಗೆದ್ದಿರಾ?" ಎಂದರು. "ಗೆದ್ದೆವು. ನನ್ನ ಓಟು ಬೇಡ ಅಂದ್ರು" ಎಂದೆ. "ಯಾರು, ಕಂಪೆನಿಯವರಾ?" "ಅಲ್ಲ, ನಮ್ಮವರೇ." ಅವರು ಚಹಾಕ್ಕೆ ನೀರಿಡಲು ಹೋದರು. ನಾನು ಕತ್ತಲಾಗುತ್ತಿದ್ದ ಅಂಗಳ ನೋಡುತ್ತಾ ಕೂತೆ. ಯುರೋಪಿನ ನನ್ನ ಕ್ಲಬ್ಬಿನವರು ನನ್ನನ್ನು ಪರಿವಾರ ಎನ್ನುತ್ತಾರೆ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಎಲ್ಲರಿಗೂ ಹೋಗುವ ಅದೇ ಶುಭಾಶಯ ಮೊಬೈಲಿಗೆ ಕಳಿಸುತ್ತಾರೆ. ನೀವೇ ನಮ್ಮ ಉಸಿರು ಎಂದು ಬರೆಯುತ್ತಾರೆ. ಇಷ್ಟು ವರ್ಷಗಳಲ್ಲಿ ಅವರಲ್ಲಿ ಒಬ್ಬನೂ ನನ್ನ ಮುಖ ನೋಡಿ, ನಿನಗೆ ಇಲ್ಲಿ ಮತ ಇಲ್ಲ ಎಂದು ಹೇಳಿದ್ದಿಲ್ಲ. ಹೇಳಬೇಕಾದರೆ ನಾನೊಬ್ಬಳು ಇದ್ದೇನೆಂದು ಗೊತ್ತಿರಬೇಕಲ್ಲ. ಲೋಕಯ್ಯಣ್ಣನಿಗೆ ಗೊತ್ತಿತ್ತು.